ಏರಿನಲ್ಲಿ ಲಾರಿ ಎಳೆಯುತ್ತಿಲ್ಲವೇ? ಟ್ಯಾಂಕಿನಿಂದ ನಾಝಲ್ ತನಕ ಹುಡುಕುವ ಕ್ರಮ

ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಸ್ಟಾರ್ಟ್ ಆಗುವುದಕ್ಕೂ ತಕರಾರಿಲ್ಲ, ಐಡ್ಲಿಂಗ್ ಕೂಡ ಸರಿಯಾಗಿದೆ. ಲೋಡ್ ಹಾಕಿಕೊಂಡು ಶಿರಾಡಿಯಲ್ಲೋ ಅರಬೈಲಿನಲ್ಲೋ ಏರು ಹಿಡಿದಾಗ ಮಾತ್ರ ಪೆಡಲನ್ನು ತಳದವರೆಗೆ ಒತ್ತಿದರೂ ಎಂಜಿನ್ ಏಳುವುದಿಲ್ಲ. ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವನ್ನು ಈಗ ಎರಡನೇ ಗೇರಿನಲ್ಲಿ ತೆವಳಿಕೊಂಡು ಹತ್ತಬೇಕು. ಹಳೆಯ ಡೀಸೆಲ್ ಲಾರಿ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಕಾಣುವ ಕಾಯಿಲೆ ಇದು. ಲಾರಿ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಉತ್ತರ ಸಿದ್ಧವಿರುತ್ತದೆ: "ಪಂಪ್ ಹೋಗಿದೆ, ಬಿಚ್ಚಿಸಿ."

ದಯವಿಟ್ಟು ಬಿಚ್ಚಿಸಬೇಡಿ. ಕನಿಷ್ಠಪಕ್ಷ ಇವತ್ತೇ ಬಿಚ್ಚಿಸಬೇಡಿ. ಡೀಸೆಲ್ ಹಾದಿಯಲ್ಲಿ ಇಂಜೆಕ್ಷನ್ ಪಂಪಿಗಿಂತ ಮೊದಲು ಟ್ಯಾಂಕ್, ಪೈಪು, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಫೀಡ್ ಪಂಪ್, ಫಿಲ್ಟರ್, ಒಂದು ಸಣ್ಣ ವಾಲ್ವು ಇವೆ. ಇವೆಲ್ಲ ಅಗ್ಗದ ಸಾಮಾನು, ಕೆಡುವುದೂ ಬೇಗ. ಇಂಜೆಕ್ಷನ್ ಪಂಪ್ ದುಬಾರಿ, ಕೆಡುವುದು ತಡವಾಗಿ. ಅಗ್ಗದ್ದನ್ನು ನೋಡಿ ಮುಗಿಸದೆ ದುಬಾರಿಯದಕ್ಕೆ ಕೈಹಾಕಿದರೆ ಪಂಪ್ ರಿಪೇರಿಯ ಬಿಲ್ಲನ್ನೂ ಕಟ್ಟಿ, ಅದೇ ತಿರುವಿನಲ್ಲಿ ಮತ್ತೆ ಎರಡನೇ ಗೇರಿಗೆ ಇಳಿಯಬೇಕಾಗುತ್ತದೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕ್ರಮದ ಮಾತು: ಡೀಸೆಲ್ ಹರಿಯುವ ದಿಕ್ಕಿನಲ್ಲೇ, ಒಂದು ಸಲಕ್ಕೆ ಒಂದೇ ವಸ್ತುವನ್ನು ಪರೀಕ್ಷಿಸುತ್ತಾ ಹೋಗುವುದು.

ಯಾವ ಗಾಡಿಗೆ ಇದು ಅನ್ವಯಿಸುತ್ತದೆ

ಟಾಟಾ 1210, 1612, 1613 ಇವುಗಳ 697 ಎಂಜಿನ್ ನನ್ನ ಕಣ್ಣ ಮುಂದಿದೆ. 697 ಎಂದರೆ ಆರು ಸಿಲಿಂಡರ್, 97 ಮಿಲಿಮೀಟರ್ ಬೋರ್. 128 ಮಿ.ಮೀ. ಸ್ಟ್ರೋಕ್ ಸೇರಿಸಿ ಲೆಕ್ಕ ಹಾಕಿದರೆ 5,675 ಸಿಸಿ ಬರುತ್ತದೆ. ಮರ್ಸಿಡಿಸ್‌ನ ಓಎಂ 352 ಎಂಜಿನ್ನಿನ ಅಳತೆಯೂ ಇದೇ. 1954ರಿಂದ 1969ರವರೆಗೆ ನಡೆದ ಟಾಟಾ–ಮರ್ಸಿಡಿಸ್ ಸಹಯೋಗದ ಮನೆತನ ಅದರಲ್ಲಿ ಕಾಣುತ್ತದೆ. ಎಂಜಿನ್ನಿನ ಪಕ್ಕದಲ್ಲಿ ಕುಳಿತಿರುವ ಸಾಲು ಪಂಪನ್ನು (ಸಿಲಿಂಡರಿಗೊಂದು ಪ್ಲಂಜರ್, ಅಂದರೆ ಪುಟ್ಟ ಪಿಸ್ಟನ್, ಸಾಲಾಗಿ ನಿಂತ ಇಂಜೆಕ್ಷನ್ ಪಂಪ್) ಹಳೆಯ ಮೆಕ್ಯಾನಿಕ್‌ಗಳು ಇಂದಿಗೂ "ಮೈಕೋ ಪಂಪ್" ಎಂದೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನ ಬಾಯಲ್ಲಿ ಹೆಸರು ಬದಲಾಗಲಿಲ್ಲ. ಇಂಥದ್ದೇ ಸಾಲು ಪಂಪ್ ಇರುವ ಹಳೆಯ ಲೇಲ್ಯಾಂಡ್ ಗಾಡಿಗಳಿಗೂ ಕ್ರಮ ಇದೇ. ಕಂಪ್ಯೂಟರ್ ಹತೋಟಿಯಲ್ಲಿ ಡೀಸೆಲ್ ಚಿಮ್ಮುವ ಕಾಮನ್ ರೈಲ್ ಗಾಡಿಗಳ ವಿದ್ಯೆ ಬೇರೆ. ಅದನ್ನು ಇಲ್ಲಿ ಬೆರೆಸಬೇಡಿ.

ಡೀಸೆಲ್ ಹಾದಿಯನ್ನು ಒಮ್ಮೆ ಮನಸ್ಸಿನಲ್ಲಿ ಓಡಿಸಿಕೊಳ್ಳಿ. ಟ್ಯಾಂಕಿನೊಳಗೆ ಇಳಿಬಿಟ್ಟ ಹೀರು ಪೈಪು, ಅಲ್ಲಿಂದ ಷಾಸಿಯುದ್ದಕ್ಕೂ ಬರುವ ಲೈನು, ಇಂಜೆಕ್ಷನ್ ಪಂಪಿನ ಹೊಟ್ಟೆಗೆ ಕಚ್ಚಿಕೊಂಡಿರುವ ಫೀಡ್ ಪಂಪ್, ಅದರಿಂದ ಎರಡು ಫಿಲ್ಟರ್, ಅಲ್ಲಿಂದ ಇಂಜೆಕ್ಷನ್ ಪಂಪಿನೊಳಗೆ ಡೀಸೆಲ್ ತುಂಬಿ ನಿಲ್ಲುವ ಗ್ಯಾಲರಿ. ಅಲ್ಲಿಂದ ಪ್ಲಂಜರುಗಳು ಡೀಸೆಲನ್ನು ನಾಝಲಿಗೆ ತಳ್ಳುತ್ತವೆ, ನಾಝಲ್ ಅದನ್ನು ಸಿಲಿಂಡರಿನೊಳಗೆ ಚಿಮ್ಮಿಸುತ್ತದೆ. ಗ್ಯಾಲರಿಯಲ್ಲಿ ತುಂಬಿ ಉಳಿದದ್ದು ಓವರ್‌ಫ್ಲೋ ವಾಲ್ವಿನ ಮೂಲಕ ಟ್ಯಾಂಕಿಗೆ ವಾಪಸು. ಫೀಡ್ ಪಂಪ್ ಎಂಜಿನ್ ಸುಡುವುದಕ್ಕಿಂತ ಹೆಚ್ಚು ಡೀಸೆಲ್ ತಳ್ಳುತ್ತದೆ. ಆ ಹೆಚ್ಚುವರಿಯೇ ಗಾಳಿಯನ್ನೂ ಬಿಸಿಯನ್ನೂ ಹೊತ್ತುಕೊಂಡು ಹಿಂದಿರುಗುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ 2,400 ಸುತ್ತಿನಲ್ಲಿ ತಿರುಗುವಾಗ ಒಂದೊಂದು ಸಿಲಿಂಡರಿಗೂ ನಿಮಿಷಕ್ಕೆ 1,200 ಬಾರಿ, ಅಂದರೆ ಸೆಕೆಂಡಿಗೆ 20 ಬಾರಿ ಡೀಸೆಲ್ ಚಿಮ್ಮಬೇಕು. ಅಷ್ಟು ವೇಗದಲ್ಲಿ ಪ್ಲಂಜರಿನ ಕೋಣೆ ಪ್ರತಿ ಸಲವೂ ಪೂರ್ತಿ ತುಂಬಬೇಕಾದರೆ ಗ್ಯಾಲರಿಯಲ್ಲಿ ಒತ್ತಡ ಇರಲೇಬೇಕು. ಐಡ್ಲಿಂಗಿನಲ್ಲಿ ಸರಿಯಿದ್ದು ಏರಿನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ: ಸ್ವಲ್ಪ ಕೇಳಿದಾಗ ಸ್ವಲ್ಪ ಸಿಗುತ್ತದೆ, ಪೂರ್ತಿ ಕೇಳಿದಾಗ ಸಿಗುವುದಿಲ್ಲ.

ಮೊದಲ ಹೆಜ್ಜೆ: ನಿಜಕ್ಕೂ ಡೀಸೆಲ್ ತೊಂದರೆಯೇ?

ಸ್ಪ್ಯಾನರ್ ಹಿಡಿಯುವ ಮೊದಲು ಅರ್ಧ ಗಂಟೆ ಇದಕ್ಕೆ ಕೊಡಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎಲ್ಲ ಚಕ್ರಗಳ ಹಬ್ಬಿನ ಬಳಿ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಉಳಿದವುಗಳಿಗಿಂತ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಎಂಜಿನ್ ಬಡಪಾಯಿ ಅದನ್ನು ಎಳೆಯುತ್ತಿದೆ ಅಷ್ಟೇ. ಏರಿನಲ್ಲಿ ಎಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಎಕ್ಸಾಸ್ಟ್ ಬ್ರೇಕ್ ಇರುವ ಗಾಡಿಯಾದರೆ ಅದರ ಪತರೆ (ಹೊಗೆ ಕೊಳವೆಯನ್ನು ಮುಚ್ಚಿ ತೆರೆಯುವ ತಟ್ಟೆ) ಪೂರ್ತಿ ತೆರೆದಿದೆಯೇ ಎಂದು ಕೆಳಗೆ ಬಗ್ಗಿ ನೋಡಿ. ಮಸಿ ಕಟ್ಟಿ ಅರ್ಧಕ್ಕೆ ಸಿಕ್ಕಿಕೊಂಡ ಪತರೆ ಎಂಜಿನ್ನಿನ ಉಸಿರು ಕಟ್ಟಿಸುತ್ತದೆ. ಕ್ಯಾಬಿನ್ನಿನಲ್ಲಿ ಕುಳಿತವರಿಗೆ ಇದು ಗೊತ್ತೇ ಆಗುವುದಿಲ್ಲ, ಡೀಸೆಲ್ ಸಿಗುತ್ತಿಲ್ಲ ಎಂದೇ ಅನಿಸುತ್ತದೆ.

ನಂತರ ಲಿಂಕೇಜ್. ಎಂಜಿನ್ ಆಫ್ ಮಾಡಿ ಕ್ಲೀನರ್ ಹುಡುಗನನ್ನು ಸೀಟಿನಲ್ಲಿ ಕೂರಿಸಿ ಪೆಡಲನ್ನು ಪೂರ್ತಿ ಒತ್ತಲು ಹೇಳಿ. ನೀವು ಪಂಪಿನ ಬಳಿ ನಿಂತು, ಪಂಪಿನ ಲಿವರ್ ಕೊನೆಯ ಸ್ಟಾಪ್ ಬೋಲ್ಟಿಗೆ ತಾಗುತ್ತದೆಯೇ ನೋಡಿ. ಒಂದು ಬೆರಳಿನಷ್ಟು ಅಂತರ ಉಳಿದಿದ್ದರೂ ಪೂರ್ತಿ ಶಕ್ತಿ ಬರುವುದಿಲ್ಲ. ಸವೆದ ಬಾಲ್ ಜಾಯಿಂಟ್, ಬಗ್ಗಿದ ರಾಡ್, ಪೆಡಲಿನ ಕೆಳಗೆ ಮಡಚಿ ಕುಳಿತ ರಬ್ಬರ್ ಮ್ಯಾಟ್, ಇವು ಮೂರೂ ಕಾರಣವಾಗಬಹುದು. ಹಾಗೆಯೇ ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್: ನಾಬನ್ನು ಒಳಗೆ ತಳ್ಳಿದರೂ ಪಂಪಿನ ಕಡೆಯ ತುದಿ ಪೂರ್ತಿ ಹಿಂದಿರುಗದಿದ್ದರೆ, ನೀವು ಒಂದು ಕೈಯಲ್ಲಿ ಎಂಜಿನ್ ನಿಲ್ಲಿಸುತ್ತಲೇ ಇನ್ನೊಂದು ಕಾಲಲ್ಲಿ ಓಡಿಸುತ್ತಿದ್ದೀರಿ.

ಈಗ ಹೊಗೆ. ಈ ಇಡೀ ಕೆಲಸದಲ್ಲಿ ಕಾಸಿಲ್ಲದೆ ಸಿಗುವ ದೊಡ್ಡ ಸುಳಿವು ಇದು. ಲೋಡಿನಲ್ಲಿ ಪೂರ್ತಿ ಒತ್ತಿದಾಗ ಶಕ್ತಿಯೂ ಇಲ್ಲ, ಹೊಗೆಯೂ ಇಲ್ಲ ಎಂದಾದರೆ ಡೀಸೆಲ್ ಸಿಲಿಂಡರ್ ತಲುಪುತ್ತಿಲ್ಲ. ಮುಂದಿನ ಹೆಜ್ಜೆಗಳೆಲ್ಲ ನಿಮಗಾಗಿಯೇ ಇವೆ. ಶಕ್ತಿ ಇಲ್ಲದೆ ಕಪ್ಪು ಹೊಗೆ ಕಕ್ಕುತ್ತಿದ್ದರೆ ಡೀಸೆಲ್ ಬರುತ್ತಿದೆ, ಸರಿಯಾಗಿ ಸುಡುತ್ತಿಲ್ಲ: ಏರ್ ಫಿಲ್ಟರ್, ಟರ್ಬೊ ಹೋಸ್, ಎಕ್ಸಾಸ್ಟ್ ಬ್ರೇಕ್, ನಾಝಲ್ ಕಡೆ ಹೋಗಿ. ಬಿಳಿ ಹೊಗೆಯೊಂದಿಗೆ ಎಂಜಿನ್ ತಪ್ಪುತ್ತಿದ್ದರೆ ಡೀಸೆಲಿನಲ್ಲಿ ಗಾಳಿ ಅಥವಾ ನೀರು ಸೇರಿರಬಹುದು, ಇಲ್ಲವೇ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಹಿಂದೆ ಬಿದ್ದಿರಬಹುದು. ನೀಲಿ ಹೊಗೆ ಆಯಿಲ್ ಸುಡುವ ಲಕ್ಷಣ. ಅದು ಬೇರೆಯೇ ಕಥೆ.

ಕೆಲಸ ಶುರುಮಾಡುವ ಮೊದಲು ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಚಕ್ರಗಳಿಗೆ ಕಟ್ಟೆ ಕೊಡಿ. ಬೀಡಿ, ಸಿಗರೇಟು ದೂರವಿರಲಿ. ನಾಝಲಿನಿಂದ ಚಿಮ್ಮುವ ಡೀಸೆಲ್ ಎದುರು ಎಂದಿಗೂ ಕೈ ಒಡ್ಡಬೇಡಿ. ಆ ಒತ್ತಡದಲ್ಲಿ ಅದು ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟು ಗುರುತು ಕಂಡರೂ ಒಳಗೆ ಬೆರಳನ್ನೇ ಕಳೆದುಕೊಳ್ಳುವಷ್ಟು ಹಾನಿಯಾಗಬಹುದು. ಹಾಗೇನಾದರೂ ಆದರೆ ನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕ್ಯಾನ್ ಪರೀಕ್ಷೆ: ಅರ್ಧ ಹಾದಿಯನ್ನು ಒಂದೇ ಏಟಿಗೆ ಬಿಡಿಸುವುದು

ನನ್ನ ಮಟ್ಟಿಗೆ ಎಲ್ಲ ಪರೀಕ್ಷೆಗಳ ರಾಜ ಇದು. ಸ್ವಚ್ಛವಾದ 20 ಲೀಟರ್ ಕ್ಯಾನಿನಲ್ಲಿ ಒಳ್ಳೆಯ ಡೀಸೆಲ್ ತುಂಬಿ. ಫೀಡ್ ಪಂಪಿಗೆ ಟ್ಯಾಂಕಿನಿಂದ ಬರುವ ಪೈಪನ್ನು ಬಿಚ್ಚಿ ತುದಿಗೆ ಬಿರಡೆ ಹಾಕಿ. ಅದರ ಜಾಗಕ್ಕೆ ಡೀಸೆಲ್ ತಡೆಯುವ ಪಾರದರ್ಶಕ ಹೋಸ್ ಕೂರಿಸಿ ಇನ್ನೊಂದು ತುದಿಯನ್ನು ಕ್ಯಾನಿನ ತಳದವರೆಗೆ ಇಳಿಸಿ. ವಾಪಸು ಬರುವ ಲೈನನ್ನೂ ಇದೇ ಕ್ಯಾನಿಗೆ ತಿರುಗಿಸಿ, ಇಲ್ಲದಿದ್ದರೆ ಕ್ಯಾನ್ ಬೇಗನೆ ಖಾಲಿಯಾಗಿ ಡೀಸೆಲ್ ಎಲ್ಲ ಟ್ಯಾಂಕಿಗೆ ಸೇರುತ್ತದೆ. ಕ್ಯಾನನ್ನು ಕ್ಯಾಬಿನ್ ಒಳಗೆ ಇಡಬೇಡಿ. ಸೈಲೆನ್ಸರಿನಿಂದ ದೂರ, ಹೊರಗಡೆ ಭದ್ರವಾಗಿ ಕಟ್ಟಿ. ಗಾಳಿ ತೆಗೆದು (ಅದರ ಕ್ರಮ ಮುಂದೆ ಇದೆ) ಸ್ಟಾರ್ಟ್ ಮಾಡಿ, ಅದೇ ಲೋಡಿನಲ್ಲಿ, ಗಾಡಿ ಸೋತ ಅದೇ ಏರನ್ನೋ ಅಂಥದ್ದೇ ಇನ್ನೊಂದು ಏರನ್ನೋ ಹತ್ತಿಸಿ.

ಗಾಡಿ ಹಳೆಯ ಹುರುಪಿನಲ್ಲಿ ಎಳೆದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನ ನಡುವೆ ಎಲ್ಲೋ ಇದೆ. ಫೀಡ್ ಪಂಪ್, ಫಿಲ್ಟರ್, ಇಂಜೆಕ್ಷನ್ ಪಂಪ್ ಎಲ್ಲವೂ ಒಮ್ಮೆಲೇ ಸಂಶಯದಿಂದ ಪಾರಾದವು. ಏನೂ ಬದಲಾಗದಿದ್ದರೆ ಟ್ಯಾಂಕಿನ ಕಡೆಯ ಗೊಡವೆ ಬಿಟ್ಟು ಫೀಡ್ ಪಂಪಿನ ಭಾಗಕ್ಕೆ ಜಿಗಿಯಿರಿ.

ಟ್ಯಾಂಕ್ ಮತ್ತು ಹೀರು ಲೈನು

ಟ್ಯಾಂಕಿನ ಕಾಯಿಲೆಗಳಿಗೆ ಒಂದೊಂದಕ್ಕೂ ಒಂದೊಂದು ಚಹರೆ ಇದೆ. ಡ್ರೈವರನ್ನು ಕೂರಿಸಿಕೊಂಡು ಸಮಾಧಾನವಾಗಿ ಕೇಳಿದರೆ ಬಿಚ್ಚುವ ಮೊದಲೇ ಅರ್ಧ ಗೊತ್ತಾಗುತ್ತದೆ.

"ಎಳೆಯುತ್ತಾ ಎಳೆಯುತ್ತಾ ಸಾಯುತ್ತದೆ, ಐದು ನಿಮಿಷ ನಿಲ್ಲಿಸಿದರೆ ಮತ್ತೆ ಸರಿ" ಎಂದರೆ ಎರಡು ಸಾಧ್ಯತೆಗಳಿವೆ. ಒಂದು, ಟ್ಯಾಂಕಿನ ಉಸಿರು ಕಟ್ಟಿದೆ. ಡೀಸೆಲ್ ಹೊರಹೋದಷ್ಟು ಗಾಳಿ ಒಳಬರಬೇಕು. ಮುಚ್ಚಳದ ರಂಧ್ರ ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ನಿರ್ವಾತ ಬೆಳೆದು ಫೀಡ್ ಪಂಪಿನ ಶಕ್ತಿಯನ್ನೇ ಮೀರಿಸುತ್ತದೆ. ಸೋತ ಕೂಡಲೇ ನಿಲ್ಲಿಸಿ ಮುಚ್ಚಳ ತಿರುಗಿಸಿ: "ಸುಂಯ್" ಎಂದು ಗಾಳಿ ಒಳನುಗ್ಗಿದರೆ ಕಾರಣ ಕೈಯಲ್ಲೇ ಇದೆ. ಎರಡು, ಟ್ಯಾಂಕಿನೊಳಗೆ ಏನೋ ತೇಲಾಡುತ್ತಿದೆ. ಬಟ್ಟೆಯ ಚೂರು, ಒಣಗಿದ ಎಲೆ, ಕ್ಯಾನಿನ ಪ್ಲಾಸ್ಟಿಕ್ ಸೀಲು. ಹರಿವು ಜೋರಾದಾಗ ಅದು ಬಂದು ಹೀರು ಪೈಪಿನ ಜಾಲರಿಗೆ ಅಂಟುತ್ತದೆ, ಎಂಜಿನ್ ನಿಂತರೆ ಕಳಚಿ ತಳಕ್ಕೆ ಇಳಿಯುತ್ತದೆ. ಟಾರ್ಚ್ ಬಿಟ್ಟು ನೋಡಿ. ಮೊಬೈಲನ್ನು ಟ್ಯಾಂಕಿನ ಬಾಯಿಗೆ ಹಿಡಿಯುವ ಅಭ್ಯಾಸ ಬೇಡ. ಅದು ಒಳಗೆ ಬಿದ್ದರೆ ಇನ್ನೊಂದು ತೇಲುವ ವಸ್ತುವಾಯಿತು.

"ಟ್ಯಾಂಕ್ ತುಂಬಿದ್ದಾಗ ಸರಿ, ಅರ್ಧಕ್ಕಿಳಿದರೆ ತೊಂದರೆ" ಎಂದರೆ ಹೀರು ಪೈಪಿನಲ್ಲಿ ಬಿರುಕಿದೆ. ಬಿರುಕು ಡೀಸೆಲಿನಲ್ಲಿ ಮುಳುಗಿರುವ ತನಕ ಡೀಸೆಲನ್ನೇ ಹೀರುತ್ತದೆ; ಮಟ್ಟ ಇಳಿದು ಬಿರುಕು ಮೇಲೆದ್ದ ಕ್ಷಣದಿಂದ ಗಾಳಿ ಎಳೆಯುತ್ತದೆ, ಸೀಳಿದ ಸ್ಟ್ರಾನಲ್ಲಿ ಎಳನೀರು ಕುಡಿದ ಹಾಗೆ. ಪೈಪನ್ನು ಹೊರತೆಗೆದು, ಒಂದು ತುದಿ ಮುಚ್ಚಿ, ನೀರಿನಲ್ಲಿ ಮುಳುಗಿಸಿ ಗಾಳಿ ಊದಿದರೆ ಗುಳ್ಳೆ ಜಾಗ ತೋರಿಸುತ್ತದೆ. ಪೈಪನ್ನು ಬೇರೆಯಾಗಿ ಹೊರತೆಗೆದು ಬ್ರೇಜಿಂಗ್ ಮಾಡಿಸಿ. ಡೀಸೆಲ್ ಟ್ಯಾಂಕಿಗೆ ನೇರವಾಗಿ ವೆಲ್ಡಿಂಗ್ ಹಿಡಿಸುವ ಸಾಹಸ ಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಸಿಡಿಯುತ್ತದೆ.

"ಹೊಸ ಫಿಲ್ಟರ್ ಹಾಕಿದ ಮೇಲೆ ನಾಲ್ಕು ದಿನ ಚೆನ್ನಾಗಿತ್ತು" ಎಂದರೆ ಟ್ಯಾಂಕಿನ ತಳದಲ್ಲಿ ಕೊಳೆ ಇದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಕಡೆ ಓಡುವ ಗಾಡಿಗಳಲ್ಲಿ, ಮುಚ್ಚಳದ ವಾಷರ್ ಹೋಗಿದ್ದರೆ ಮಳೆನೀರು ಇಳಿಯುತ್ತದೆ. ರಾತ್ರಿಯಿಡೀ ಅರೆಖಾಲಿಯಾಗಿ ನಿಂತ ಟ್ಯಾಂಕಿನ ಒಳಗೋಡೆಯ ಮೇಲೂ ಗಾಳಿಯ ತೇವ ಹನಿಗಟ್ಟುತ್ತದೆ. ಡೀಸೆಲಿಗಿಂತ ನೀರು ಭಾರ, ತಳಕ್ಕೆ ಹೋಗುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪಗಿನ ಲೋಳೆ ಕಟ್ಟುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ಕೆಳಗಿನ ಡ್ರೈನ್ ಬೋಲ್ಟ್ ಸಡಿಲಿಸಿ ಅರ್ಧ ಲೀಟರನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಬಿಡಿ. ಕೆಳಗೆ ಬೇರೆಯಾದ ಪದರ ಕಂಡರೆ ನೀರು. ನಡುವೆ ಕಪ್ಪು ಚಿಂದಿ ತೇಲುತ್ತಿದ್ದರೆ ಟ್ಯಾಂಕ್ ಇಳಿಸಿ ತೊಳೆಸಲೇಬೇಕು. ಅದಕ್ಕೆ ಮುನ್ನ ಹಾಕುವ ಪ್ರತಿ ಫಿಲ್ಟರೂ ದಂಡ.

ಉಳಿದದ್ದು ಲೈನು. ರಬ್ಬರ್ ಹೋಸ್ ಹೊರಗಿನಿಂದ ಹೊಸದರಂತೆ ಕಂಡರೂ ಒಳಪದರ ಕಳಚಿ, ಜೋರಾಗಿ ಎಳೆದಾಗ ಒಳಗೇ ಮಡಚಿಕೊಂಡು ದಾರಿ ಮುಚ್ಚಬಹುದು. ಐಡ್ಲಿಂಗಿನಲ್ಲಿ ಇದು ಕಾಣುವುದೇ ಇಲ್ಲ. ಸಂಶಯವಿದ್ದರೆ ಬಿಚ್ಚಿ ಒಳಗೆ ನೋಡುವುದಲ್ಲ, ಬದಲಿಸಿ. ಮೀಟರ್ ಹೋಸಿನ ಬೆಲೆ ಒಂದು ಊಟದ ಲೆಕ್ಕ. ಹೀರುವ ಕಡೆಯ ಜಾಯಿಂಟಿನಲ್ಲಿ ಡೀಸೆಲ್ ಹೊರಗೆ ಸೋರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಹೆಚ್ಚು, ಆದ್ದರಿಂದ ಒಣಗಿದಂತೆ ಕಾಣುವ ಜಾಯಿಂಟನ್ನೂ ನಂಬಬೇಡಿ. ಬ್ಯಾಂಜೋ ಬೋಲ್ಟುಗಳ (ಪೈಪಿನ ಬಳೆಯಂಥ ತುದಿಯನ್ನು ಕಚ್ಚಿಹಿಡಿಯುವ ಟೊಳ್ಳು ಬೋಲ್ಟುಗಳು) ತಾಮ್ರದ ವಾಷರುಗಳನ್ನು ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಉಜ್ಜಿ ತಿರುಗಿಸಿ ಹಾಕುವ ಜಾಣತನದಿಂದ ಉಳಿಯುವುದು ಚಿಲ್ಲರೆ ಕಾಸು ಮಾತ್ರ.

ಫೀಡ್ ಪಂಪ್

ಇದು ಪಿಸ್ಟನ್ ಮಾದರಿಯ ಪಂಪ್. ಇಂಜೆಕ್ಷನ್ ಪಂಪಿನ ಕ್ಯಾಮ್ ಅದರ ಪಿಸ್ಟನ್ನನ್ನು ಒಂದು ಕಡೆ ತಳ್ಳುತ್ತದೆ, ಡೀಸೆಲನ್ನು ಫಿಲ್ಟರಿನ ಕಡೆಗೆ ದೂಡುವ ಕೆಲಸ ಸ್ಪ್ರಿಂಗಿನದು. ಮುಂದೆ ಒತ್ತಡ ಸಾಕಷ್ಟಿದ್ದರೆ ಸ್ಪ್ರಿಂಗ್ ಪೂರ್ತಿ ಹಿಂದಿರುಗುವುದಿಲ್ಲ, ಪಂಪ್ ತಾನೇ ಕಡಿಮೆ ದೂಡುತ್ತದೆ. ಜಾಣ ವ್ಯವಸ್ಥೆ. ಸ್ಪ್ರಿಂಗ್ ಸೋತರೆ, ಅಥವಾ ಒಳಗಿನ ಎರಡು ಪುಟ್ಟ ವಾಲ್ವುಗಳಲ್ಲಿ ಒಂದರ ಕೆಳಗೆ ಮರಳಿನ ಕಣ ಕುಳಿತರೆ, ದೂಡಿದ್ದರಲ್ಲಿ ಅರ್ಧ ಹಿಂದಕ್ಕೆ ಬರುತ್ತದೆ.

ಮೊದಲು ಜಾಲರಿ. ಫೀಡ್ ಪಂಪಿನ ಕೆಳಗಿನ ಬಟ್ಟಲಿನಲ್ಲೋ ಒಳಬರುವ ಬೋಲ್ಟಿನೊಳಗೋ ಇದು ಇರುತ್ತದೆ. ಫಿಲ್ಟರ್ ತಪ್ಪದೆ ಬದಲಿಸುವವರಲ್ಲೂ ಅನೇಕರಿಗೆ ಇದು ಇದೆ ಎಂದೇ ತಿಳಿದಿರುವುದಿಲ್ಲ. ಬಿಚ್ಚಿ, ಡೀಸೆಲಿನಲ್ಲಿ ಬ್ರಷ್ ಹಾಕಿ ತೊಳೆದು, ಬಟ್ಟಲಿನ ವಾಷರ್ ಹೊಸದು ಹಾಕಿ.

ಆಮೇಲೆ ಹ್ಯಾಂಡ್ ಪ್ರೈಮರ್. ಹಿಡಿಯನ್ನು ತಿರುಗಿಸಿ ಬಿಡಿಸಿ ಒತ್ತಿದಾಗ ಕೈಗೆ ಬಿಗಿ ಸಿಗಬೇಕು. ಎಷ್ಟು ಒತ್ತಿದರೂ ಬಿಗಿ ಬಾರದಿದ್ದರೆ ವಾಲ್ವು ಸೋರುತ್ತಿದೆ ಅಥವಾ ಹಿಂದಿನಿಂದ ಗಾಳಿ ಬರುತ್ತಿದೆ. ಮೇಲಕ್ಕೆ ಎಳೆಯುವುದೇ ಕಷ್ಟವಾಗಿ, ಬಿಟ್ಟರೆ ತಾನಾಗಿ ಕೆಳಗಿಳಿದರೆ ಹೀರುವ ಲೈನು ಕಟ್ಟಿದೆ. ಕೆಲಸ ಮುಗಿದ ಮೇಲೆ ಹಿಡಿಯನ್ನು ಮರಳಿ ಬಿಗಿಯಾಗಿ ತಿರುಗಿಸಿಡಿ. ಸಡಿಲ ಬಿಟ್ಟ ಪ್ರೈಮರ್ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಹಿಂದಿನ ವಾರ ಫಿಲ್ಟರ್ ಹಾಕಿದವರು ಇದನ್ನು ಮರೆತಿದ್ದರೆ ನಿಮ್ಮ ಹುಡುಕಾಟ ಇಲ್ಲಿಗೇ ಮುಗಿಯಬಹುದು.

ಇನ್ನೊಂದು ಗುಟ್ಟಿನ ಸೋರಿಕೆ ಇದೆ. ಫೀಡ್ ಪಂಪಿನ ಸ್ಪಿಂಡಲ್ ಸವೆದರೆ ಡೀಸೆಲ್ ಹೊರಗೆ ಕಾಣದಂತೆ ಇಂಜೆಕ್ಷನ್ ಪಂಪಿನ ಕ್ಯಾಮ್ ಕೋಣೆಗೆ ಇಳಿಯುತ್ತದೆ. ಕೋಣೆಯ ಆಯಿಲ್ ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತದೆ. ಎಂಜಿನ್ ಆಯಿಲೇ ಪಂಪಿಗೂ ಹರಿಯುವ ಗಾಡಿಯಾದರೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತದೆ. "ನಮ್ಮ ಗಾಡಿ ಆಯಿಲ್ ಕುಡಿಯುವುದೇ ಇಲ್ಲ" ಎಂದು ಹೆಮ್ಮೆಪಡುವ ಮೊದಲು ಡಿಪ್‌ಸ್ಟಿಕ್ ಮೂಸಿ ನೋಡಿ.

ಫಿಲ್ಟರ್, ಗೇಜ್, ಮತ್ತು ಯಾರೂ ನೋಡದ ಆ ವಾಲ್ವು

ಎರಡು ಫಿಲ್ಟರುಗಳಲ್ಲಿ ಮೊದಲನೆಯದು ಬಟ್ಟೆಯ ಎಲಿಮೆಂಟ್, ದಪ್ಪ ಕೊಳೆಗೆ. ಎರಡನೆಯದು ಕಾಗದದ್ದು, ಸೂಕ್ಷ್ಮ ಕೊಳೆಗೆ. ಎರಡನ್ನೂ ಬದಲಿಸಿ ಪರೀಕ್ಷಿಸುವುದು ಸುಲಭ, ಆದರೆ ಸಾಧ್ಯವಿದ್ದರೆ ಬದಲಿಸುವ ಮೊದಲು ಗೇಜ್ ಹಾಕಿ ನೋಡಿ. ಸಣ್ಣ ಒತ್ತಡ ತೋರಿಸುವ, 0ಯಿಂದ 4 ಬಾರ್ ತನಕದ ಗೇಜ್ ಸಾಕು. ಗಾಳಿ ತೆಗೆಯುವ ಸ್ಕ್ರೂ ಜಾಗದಲ್ಲಿ ಅಡಾಪ್ಟರ್ ಹಾಕಿ ಕೂರಿಸಬಹುದು. ಫಿಲ್ಟರಿಗೆ ಮೊದಲು ಒತ್ತಡ ಚೆನ್ನಾಗಿದ್ದು, ನಂತರ ಬಿದ್ದರೆ ಫಿಲ್ಟರ್ ಕಟ್ಟಿದೆ. ಎರಡೂ ಕಡೆ ಕಡಿಮೆ ಇದ್ದರೆ ಫೀಡ್ ಪಂಪ್ ದುರ್ಬಲ, ಇಲ್ಲವೇ ಓವರ್‌ಫ್ಲೋ ವಾಲ್ವು ಎಲ್ಲವನ್ನೂ ವಾಪಸು ಬಿಡುತ್ತಿದೆ. ಇಂಥ ಪಂಪುಗಳಲ್ಲಿ ಗ್ಯಾಲರಿಯ ಒತ್ತಡ ಸಾಮಾನ್ಯವಾಗಿ 1ರಿಂದ 1.5 ಬಾರ್ ಆಸುಪಾಸಿನಲ್ಲಿರುತ್ತದೆ. ನಿಮ್ಮ ಗಾಡಿಯ ನಿಖರ ಅಂಕಿಗೆ ಕೈಪಿಡಿಯೇ ಪ್ರಮಾಣ. ಐಡ್ಲಿಂಗಿನ ಅಂಕಿ ನೋಡಿ ಸಮಾಧಾನಪಡಬೇಡಿ. ಎಂಜಿನ್ ಪೂರ್ತಿ ಏರಿದಾಗ ಎಷ್ಟು ಉಳಿಯುತ್ತದೆ ಎನ್ನುವುದೇ ಉತ್ತರ.

ಓವರ್‌ಫ್ಲೋ ವಾಲ್ವಿನ ಬಗ್ಗೆ ನನಗೆ ವಿಶೇಷ ಸಿಟ್ಟಿದೆ. ನೋಡಲು ಅದು ಒಂದು ಬ್ಯಾಂಜೋ ಬೋಲ್ಟ್, ಅಷ್ಟೇ. ಆದರೆ ಅದರೊಳಗೆ ಸಣ್ಣ ಸ್ಪ್ರಿಂಗ್, ಒಂದು ಗೋಲಿ. ಗ್ಯಾಲರಿಯಲ್ಲಿ ಒತ್ತಡ ನಿಲ್ಲುವುದೇ ಆ ಸ್ಪ್ರಿಂಗಿನಿಂದ. ಎಂದೋ ಒಮ್ಮೆ ಥ್ರೆಡ್ ಹೋಗಿ, ದಾರಿಬದಿಯ ಯಾರೋ ಪುಣ್ಯಾತ್ಮರು ಅಳತೆಗೆ ಸರಿಹೋಗುವ ಸಾದಾ ಟೊಳ್ಳು ಬೋಲ್ಟ್ ಹಾಕಿರುತ್ತಾರೆ. ಅಂದಿನಿಂದ ಫೀಡ್ ಪಂಪ್ ತಳ್ಳಿದ್ದೆಲ್ಲ ಗ್ಯಾಲರಿಯಲ್ಲಿ ನಿಲ್ಲದೆ ನೇರ ಟ್ಯಾಂಕಿಗೆ ಓಡುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಏರಿನಲ್ಲಿ ಸಾಯುತ್ತದೆ. ಬೋಲ್ಟ್ ಬಿಚ್ಚಿ, ಒಂದು ಕಡೆಯಿಂದ ಬಾಯಲ್ಲಲ್ಲ, ಸಣ್ಣ ಹೋಸಿನಿಂದ ಊದಿ: ಹರಿವಿನ ದಿಕ್ಕಿನಲ್ಲಿ ತಡೆದು ಬಿಡಬೇಕು, ಎದುರು ದಿಕ್ಕಿನಲ್ಲಿ ಪೂರ್ತಿ ತಡೆಯಬೇಕು. ಎರಡೂ ಕಡೆ ಸರಾಗವಾದರೆ ವಾಲ್ವು ಇಲ್ಲ ಅಥವಾ ಸತ್ತಿದೆ. ಬಿಚ್ಚದೆಯೂ ಅಂದಾಜು ಮಾಡಬಹುದು. ಗೇಜ್ ಹಾಕಿ ಎಂಜಿನ್ ಏರಿಸಿದಾಗ, ವಾಪಸು ಹೋಗುವ ರಬ್ಬರ್ ಹೋಸನ್ನು ಕೆಲವು ಸೆಕೆಂಡು ಹಿಚುಕಿ ಹಿಡಿಯಿರಿ. ಒತ್ತಡ ಥಟ್ಟನೆ ಏರಿದರೆ ಫೀಡ್ ಪಂಪ್ ಗಟ್ಟಿಮುಟ್ಟಾಗಿದೆ, ಸೋರುತ್ತಿರುವುದು ವಾಲ್ವು. ಏರದಿದ್ದರೆ ಫೀಡ್ ಪಂಪನ್ನೇ ಸಂಶಯಿಸಿ.

ಗಾಳಿ ತೆಗೆಯುವುದು

ಇಲ್ಲಿ ಹರಿವಿನ ಕ್ರಮ ತಪ್ಪಬಾರದು. ಮೊದಲ ಫಿಲ್ಟರಿನ ಸ್ಕ್ರೂ ಸಡಿಲಿಸಿ ಪ್ರೈಮರ್ ಒತ್ತಿ. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಬಿಗಿ ಮಾಡಿ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಪಂಪಿನ ಗ್ಯಾಲರಿಯ ಸ್ಕ್ರೂ. ಇಷ್ಟಾದ ಮೇಲೂ ಸ್ಟಾರ್ಟ್ ಆಗದಿದ್ದರೆ ಮಾತ್ರ ನಾಝಲ್ ಕಡೆಯ ನಟ್ಟುಗಳನ್ನು ಸಡಿಲಿಸಿ, ಬಟ್ಟೆ ಸುತ್ತಿ, ಕ್ರ್ಯಾಂಕ್ ಮಾಡಿ. ಸ್ಟಾರ್ಟರನ್ನು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮ ತಿರುಗಿಸಬೇಡಿ.

ಮರುದಿನ ಬೆಳಿಗ್ಗೆ ಮತ್ತೆ ಗಾಳಿ ಹಿಡಿದಿದ್ದರೆ ಗಾಳಿ ತೆಗೆದದ್ದು ಪರಿಹಾರವಲ್ಲ, ಅದು ಬರುತ್ತಿರುವ ರಂಧ್ರ ಇನ್ನೂ ಇದೆ. ಫೀಡ್ ಪಂಪಿಗೆ ಡೀಸೆಲ್ ಒಳಬರುವ ಕಡೆ ಪಾರದರ್ಶಕ ಹೋಸ್ ಹಾಕಿ ಗುಳ್ಳೆ ಎಲ್ಲಿಂದ ಶುರುವಾಗುತ್ತದೆ ನೋಡುತ್ತಾ ಟ್ಯಾಂಕಿನ ಕಡೆಗೆ ಸರಿಯಿರಿ.

ಟರ್ಬೊ ಇರುವ ಗಾಡಿಗೆ ಒಂದು ಮಾತು

ಟರ್ಬೊ ಪಂಪುಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಪಂಪಿನ ಗವರ್ನರ್ (ಡೀಸೆಲಿನ ಪ್ರಮಾಣವನ್ನು ಹತೋಟಿಯಲ್ಲಿಡುವ ಭಾಗ) ಮೇಲಿನ ಡಬ್ಬಿಗೆ ಒಂದು ಸಪೂರ ಪೈಪು ಬರುವುದನ್ನು ಕಾಣಬಹುದು. "ಗಾಳಿ ಒತ್ತಡ ಬಂದಿದೆ, ಇನ್ನು ಹೆಚ್ಚು ಡೀಸೆಲ್ ಬಿಡಬಹುದು" ಎಂದು ಪಂಪಿಗೆ ತಿಳಿಯುವುದು ಇದರಿಂದ. ಈ ಪೈಪು ಸೀಳಿದರೆ, ಅಥವಾ ಡಬ್ಬಿಯೊಳಗಿನ ಡಯಾಫ್ರಂ ಹರಿದರೆ, ಟರ್ಬೊ ಎಷ್ಟು ಊದಿದರೂ ಪಂಪ್ ಕೈ ಬಿಗಿ ಹಿಡಿದೇ ಇರುತ್ತದೆ: ಹೊಗೆಯಿಲ್ಲ, ಶಕ್ತಿಯಿಲ್ಲ. ಡೀಸೆಲ್ ಹಾದಿಯೆಲ್ಲ ಸರಿಯಿದ್ದೂ ಅದೇ ಲಕ್ಷಣ ತೋರಿಸುವ ಮೋಸಗಾರ ದೋಷ ಇದು. ಕಪ್ಪು ಹೊಗೆಯಿದ್ದರೆ ಬೇರೆ ದಾರಿ: ಏರ್ ಫಿಲ್ಟರ್, ಟರ್ಬೊದಿಂದ ಮ್ಯಾನಿಫೋಲ್ಡಿನ ತನಕದ ಹೋಸ್, ಕ್ಲಿಪ್ಪುಗಳು. ಹೋಸಿನ ಜೋಡಣೆಯ ಸುತ್ತ ಆಯಿಲ್ ಮಿಶ್ರಿತ ಧೂಳು ಗೆರೆ ಕಟ್ಟಿದ್ದರೆ ಗಾಳಿ ಅಲ್ಲಿಂದ ತಪ್ಪಿಸಿಕೊಳ್ಳುತ್ತಿದೆ.

ನಾಝಲ್

ಐಡ್ಲಿಂಗಿನಲ್ಲಿ ಎಂಜಿನ್ ಓಡುವಾಗ ಪಂಪಿನ ಕಡೆಯ ಪೈಪ್ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ, ಒಂದಾದ ಮೇಲೆ ಒಂದು. ಒಳ್ಳೆಯ ಸಿಲಿಂಡರಾದರೆ ಶಬ್ದ ಕುಸಿದು ಎಂಜಿನ್ ನಡುಗುತ್ತದೆ. ಏನೂ ವ್ಯತ್ಯಾಸವಾಗದ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ. ಕನ್ನಡಕ ಧರಿಸಿ, ಮುಖ ದೂರವಿರಲಿ.

ಹಾಗೆ ಸಿಕ್ಕ ನಾಝಲನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲುಬದಲು ಮಾಡಿ. ದೋಷ ನಾಝಲಿನ ಜೊತೆ ಹೋದರೆ ನಾಝಲ್ ಕೆಟ್ಟಿದೆ; ಅಲ್ಲೇ ಉಳಿದರೆ ಪಂಪಿನ ಆ ಎಲಿಮೆಂಟ್ (ಪ್ಲಂಜರ್ ಮತ್ತು ಅದರ ಕೊಳವೆ), ಡೆಲಿವರಿ ವಾಲ್ವು ಅಥವಾ ಆ ಸಿಲಿಂಡರಿನ ಕಂಪ್ರೆಷನ್. ನಾಝಲುಗಳನ್ನು ಟೆಸ್ಟರಿಗೆ ಒಯ್ದಾಗ ಮೂರು ವಿಷಯ ನಿಂತು ನೋಡಿ: ಎಷ್ಟು ಒತ್ತಡಕ್ಕೆ ತೆರೆಯುತ್ತದೆ (ಇಂಥ ಎಂಜಿನ್ನುಗಳಲ್ಲಿ 200 ಬಾರ್ ಆಸುಪಾಸು, ನಿಖರ ಅಂಕಿ ಕೈಪಿಡಿಯದು), ಎಲ್ಲ ರಂಧ್ರಗಳಿಂದಲೂ ಸಮನಾಗಿ ಮಂಜಿನಂತೆ ಚಿಮ್ಮುತ್ತದೆಯೇ, ಚಿಮ್ಮಿದ ಮೇಲೆ ತುದಿಯಲ್ಲಿ ಹನಿ ತೂಗುತ್ತದೆಯೇ. ಹನಿ ತೂಗುವ ನಾಝಲ್ ಪಿಸ್ಟನ್ನಿನ ತಲೆಯನ್ನು ಸುಡಬಲ್ಲದು. ಮರಳಿ ಕೂರಿಸುವಾಗ ಹಳೆಯ ತಾಮ್ರದ ವಾಷರ್ ಗುಂಡಿಯಲ್ಲೇ ಅಂಟಿಕೊಂಡು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೊಸದು ಹಾಕಿ.

ಕೊನೆಗೆ ಪಂಪ್

ಮೇಲಿನದೆಲ್ಲ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಈಗ ಪಂಪನ್ನು ಅನುಮಾನಿಸುವ ಹಕ್ಕು ನಿಮಗೆ ಬಂದಿದೆ. ಸವೆದ ಪ್ಲಂಜರಿನ ಗುರುತು ಬಿಸಿಯಲ್ಲಿ ಕಾಣುತ್ತದೆ: ಬೆಳಿಗ್ಗೆ ತಣ್ಣಗಿರುವಾಗ ತಕ್ಷಣ ಸ್ಟಾರ್ಟ್, ಮಧ್ಯಾಹ್ನ ಊಟಕ್ಕೆ ನಿಲ್ಲಿಸಿ ಬಂದರೆ ಕ್ರ್ಯಾಂಕ್ ಮಾಡಿ ಮಾಡಿ ಬ್ಯಾಟರಿ ಸುಸ್ತು. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಲ್ಲಿ ಜಾರಿಹೋಗುತ್ತದೆ. ಪಂಪನ್ನು ಎಂಜಿನ್ನಿಗೆ ಜೋಡಿಸುವ ಕಪ್ಲಿಂಗ್ ಇರುವ ಗಾಡಿಯಾದರೆ ಪಂಪ್ ಬಿಚ್ಚುವ ಮುನ್ನ ಅದರ ಬೋಲ್ಟ್ ಸಡಿಲವಾಗಿ ಟೈಮಿಂಗ್ ಗುರುತು ಸರಿದಿದೆಯೇ ನೋಡಿ. ಹಿಂದೆ ಬಿದ್ದ ಟೈಮಿಂಗ್ ಕೂಡ ಶಕ್ತಿ ತಿನ್ನುತ್ತದೆ, ಎಂಜಿನ್ನನ್ನು ಕಾಯಿಸುತ್ತದೆ.

ಗವರ್ನರಿನ ಬಳಿ ತಂತಿ ಸುತ್ತಿ ಸೀಸದ ಸೀಲ್ ಹಾಕಿದ ಸ್ಕ್ರೂ ಇದೆ. "ಕಾಲು ಸುತ್ತು ಕೊಟ್ಟರೆ ಹಾರಿಕೊಂಡು ಹೋಗುತ್ತದೆ" ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಹೌದು, ಹೋಗುತ್ತದೆ. ಕಪ್ಪು ಹೊಗೆ ಬಿಟ್ಟುಕೊಂಡು, ಮೈಲೇಜ್ ಕಳೆದುಕೊಂಡು, ಉದ್ದ ಏರಿನಲ್ಲಿ ಎಕ್ಸಾಸ್ಟ್ ಕೆಂಪಗೆ ಕಾದು ಪಿಸ್ಟನ್ ಕರಗುವ ತನಕ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು: ಕಟ್ಟಿದ ಫಿಲ್ಟರನ್ನು ಹಾಗೆಯೇ ಬಿಟ್ಟು ಸ್ಕ್ರೂ ತಿರುಗಿಸಿದ ಗಾಡಿಗೆ, ಮುಂದೊಂದು ದಿನ ಯಾರೋ ಫಿಲ್ಟರ್ ಬದಲಿಸಿದರೆ ಅಂದೇ ಅತಿಯಾದ ಡೀಸೆಲ್ ಸುರಿಯುತ್ತದೆ. ಪಂಪನ್ನು ಕ್ಯಾಲಿಬ್ರೇಷನ್ ಬೆಂಚ್ ಇರುವಲ್ಲಿಗೇ ಒಯ್ಯಿರಿ. ಪಂಪಿನ ತಗಡಿನ ಮೇಲಿನ ಪೂರ್ತಿ ನಂಬರ್, ಎಂಜಿನ್ ಮಾದರಿ, ಟರ್ಬೊ ಇದೆಯೇ ಇಲ್ಲವೇ ಎಂಬುದನ್ನು ಬರೆದುಕೊಡಿ. ಅಂದಾಜಿಗೆ ಸೆಟ್ ಮಾಡಿಸಬೇಡಿ. ಕೆಲಸ ಆದ ಮೇಲೆ ಆರೂ ಎಲಿಮೆಂಟುಗಳು ಬಿಟ್ಟ ಡೀಸೆಲಿನ ಅಳತೆಯ ಚೀಟಿ ಕೇಳಿ ಪಡೆಯಿರಿ, ಹೊಸ ಸೀಲ್ ಹಾಕಿಸಿ. ಚೀಟಿ ಕೊಡಲು ಒಲ್ಲದ ಕಡೆ ಪಂಪ್ ಕೊಡದಿರುವುದು ಕ್ಷೇಮ.

ಮರಳಿ ಕೂರಿಸಿದ ದಿನ ಕ್ಯಾಮ್ ಕೋಣೆಗೆ ಆಯಿಲ್ ಹಾಕಿದ್ದಾರೆಯೇ ನೋಡಿ, ಎರಡೂ ಫಿಲ್ಟರ್ ಹೊಸದಿರಲಿ, ಗಾಳಿ ತೆಗೆದು ಅದೇ ಲೋಡಿನಲ್ಲಿ ಅದೇ ಏರಿಗೆ ಹೋಗಿ. ಗೇಜ್ ಇದ್ದರೆ ಪೂರ್ತಿ ಒತ್ತಿದಾಗಿನ ಗ್ಯಾಲರಿ ಒತ್ತಡವನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಎಳೆತ ಕಡಿಮೆಯಾದಾಗ ಹೋಲಿಸಲು ಬೇಕಾಗುತ್ತದೆ. ಮೊದಲ ಲೋಡ್ ಇಳಿಸಿದ ಮೇಲೆ ಬ್ಯಾಂಜೋ ಬೋಲ್ಟುಗಳ ಸುತ್ತ ಒದ್ದೆಯಾಗಿದೆಯೇ ನೋಡಿ, ಬೇಕಿದ್ದಲ್ಲಿ ಬಿಗಿ ಮಾಡಿ, ಫಿಲ್ಟರಿನ ಕೆಳಗಿನ ಡ್ರೈನಿನಿಂದ ಒಂದು ಲೋಟ ಡೀಸೆಲ್ ಹೊರಬಿಟ್ಟು ನೀರಿದೆಯೇ ಪರೀಕ್ಷಿಸಿ.